ತೆರೋ ಚೌಕದಲ್ಲಿ ಮಡಿದ ತರುಣ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಫ್ರಾನ್ಸಿನ ಲಿಯೋನ್ ನಗರದ ತೆರೋ ಚೌಕದಲ್ಲಿ ನಿಂತು ನೀನು ತೆಗೆಸಿಕೊಂಡ ಚಿತ್ರ ತಲುಪಿತು. ಅದರಲ್ಲಿ ಕಾಣುವ ಪುರಭವನವಾಗಲಿ, ಕುದುರೆಗಳ ಕಾರಂಜಿಯಾಗಲಿ ಇನ್ನೂ ಇಲ್ಲದಿದ್ದ ಕಾಲದಲ್ಲಿ, 1642ರ ಸೆಪ್ಟೆಂಬರ್ 12ರಂದು, ಅದೇ ಚೌಕದಲ್ಲಿ ಹೆಚ್ಚುಕಡಿಮೆ ನಿನ್ನ ವಯಸ್ಸಿನವನೇ ಆದ ಸ್ಯಾಂ-ಮಾರ್‌ನ ಮಾರ್ಕ್ವಿಸ್ ಆನ್ರಿಯ ತಲೆ ಕಡಿದರು. ಅವನಿಗಾಗ ಇಪ್ಪತ್ತೆರಡು ವರ್ಷ. ಅಧಿಕಾರದ ಆಸೆಯಿಂದ ಕೆಟ್ಟ ರಾಜದ್ರೋಹಿ ಎಂದು ಅವನ ಬದುಕನ್ನು ಎರಡು ಸಾಲಿನಲ್ಲಿ ಮುಗಿಸುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ಸೇನಾ ಮಾರ್ಷಲ್ ಆಗಿದ್ದ ಅವನ ತಂದೆ 1632ರಲ್ಲಿ ತೀರಿಕೊಂಡ ಮೇಲೆ, ತಂದೆಯ ಸ್ನೇಹಿತನೂ ರಾಜ್ಯದ ಮುಖ್ಯಮಂತ್ರಿಯೂ ಆಗಿದ್ದ ಕಾರ್ಡಿನಲ್ ರಿಶಲ್ಯೂ ಹುಡುಗನನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡ. ದೊರೆ ಹದಿಮೂರನೆಯ ಲೂಯಿ ಸಂಶಯದ, ಸದಾ ಖಿನ್ನನಾದ ಮನುಷ್ಯ. ಅವನ ಕಿವಿಯ ಬಳಿ ತನ್ನ ಕಡೆಯವನೊಬ್ಬನಿರಲಿ ಎಂಬ ಲೆಕ್ಕಾಚಾರದಿಂದಲೇ ರಿಶಲ್ಯೂ ಈ ಚೆಲುವನನ್ನು ಅಲ್ಲಿ ನಿಲ್ಲಿಸಿದ. ಹತ್ತೊಂಬತ್ತಕ್ಕೆ ಅವನು ರಾಜನ ಅಶ್ವಶಾಲೆಗಳ ಮುಖ್ಯಾಧಿಕಾರಿಯಾದ. ಆದರೆ ಮಂಕುಕವಿದ ದೊರೆಯ ಸಹವಾಸ ಅವನಿಗೆ ಉಸಿರುಗಟ್ಟಿಸಿತು. ಇಬ್ಬರೂ ಜಗಳವಾಡುವುದು, ದೊರೆ ಆ ಜಗಳದ ದೂರನ್ನು ರಿಶಲ್ಯೂಗೆ ಬರೆದು ಕಳಿಸುವುದು ಮಾಮೂಲಾಯಿತು. 1640ರಲ್ಲಿ ಒಮ್ಮೆ ರಾಜಿಯಾದಾಗ, ತಾವಿಬ್ಬರೂ ಪರಸ್ಪರ ಸಂತುಷ್ಟರಾಗಿದ್ದೇವೆ ಎಂದು ಪ್ರಮಾಣಪತ್ರ ಬರೆದು ಇಬ್ಬರೂ ರುಜು ಹಾಕಿದರಂತೆ! ಒಂದು ದೇಶದ ದೊರೆ ಮತ್ತು ಇಪ್ಪತ್ತರ ಹುಡುಗ ಸಹಿ ಮಾಡಿದ ಆ ಕಾಗದವನ್ನು ನೆನೆದಾಗಲೆಲ್ಲ ನನಗೆ ಅವನ ಮೇಲೆ ಮರುಕ ಹುಟ್ಟುತ್ತದೆ.

ಮುಂದೆ ಮಾರಿ ದ ಗೊಂಜಾಗ್ ಎಂಬ ರಾಜಮನೆತನದ ಕನ್ಯೆಯನ್ನು ಮದುವೆಯಾಗಲು ಅವನು ಹಂಬಲಿಸಿದ, ರಿಶಲ್ಯೂ ಅಡ್ಡಬಂದ. ಅಲ್ಲಿಂದ ದ್ವೇಷ ಬೆಳೆಯಿತು. ದೊರೆಯ ತಮ್ಮ ಗಾಸ್ತೋನ್ ಹಾಗೂ ಬುಯೋಂ ಡ್ಯೂಕ್ ಜೊತೆ ಸೇರಿ, 1635ರಿಂದ ಫ್ರಾನ್ಸ್ ವಿರುದ್ಧ ಯುದ್ಧದಲ್ಲಿದ್ದ ಸ್ಪೇನ್‌ನೊಡನೆ 1642ರ ಮಾರ್ಚ್‌ನಲ್ಲಿ ಗುಪ್ತ ಒಪ್ಪಂದಕ್ಕೆ ಅವನು ಕೈಹಾಕಿದ್ದು ಘೋರ ಅಪರಾಧವೇ. ಒಪ್ಪಂದದ ಪ್ರತಿ ರಿಶಲ್ಯೂ ಕೈಸೇರಿತು, ಜೂನ್‌ನಲ್ಲಿ ನಾರ್ಬೋನ್‌ನಲ್ಲಿ ಆನ್ರಿ ಸೆರೆಯಾದ.

ಗಾಸ್ತೋನ್ ಎಲ್ಲವನ್ನೂ ಬಾಯಿಬಿಟ್ಟು ಬದುಕಿಕೊಂಡ. ಬುಯೋಂ ತನ್ನ ಸೆದಾನ್ ಕೋಟೆಯನ್ನು ಒಪ್ಪಿಸಿ ಪ್ರಾಣ ಉಳಿಸಿಕೊಂಡ. ಸತ್ತವರು ಆನ್ರಿ ಮತ್ತು ಅವನ ಗೆಳೆಯ ಫ್ರಾನ್ಸ್ವಾ ದ ತೂ. ಸಂಚಿನ ವಿಷಯ ತಿಳಿದಿದ್ದೂ ಗೆಳೆಯನನ್ನು ಹಿಡಿದುಕೊಡಲಿಲ್ಲ ಎಂಬುದಷ್ಟೇ ದ ತೂ ಮೇಲಿದ್ದ ಗಟ್ಟಿ ಆರೋಪ. ಹನ್ನೊಂದನೆಯ ಲೂಯಿಯ ಕಾಲದ ಹಳೆಯ ಶಾಸನವೊಂದು ಅಂಥ ಮೌನಕ್ಕೂ ಮರಣದಂಡನೆ ವಿಧಿಸಿತ್ತು. ಸ್ವತಃ ಸಾವಿನಂಚಿನಲ್ಲಿದ್ದ ರಿಶಲ್ಯೂ ಅವನನ್ನು ತನ್ನ ದೋಣಿಯ ಹಿಂದೆ ಕಟ್ಟಿಸಿದ ಇನ್ನೊಂದು ದೋಣಿಯಲ್ಲಿ ರೋನ್ ನದಿಗುಂಟ ಲಿಯೋನ್‌ಗೆ ಎಳೆಸಿಕೊಂಡು ಬಂದ. ವಧಾಸ್ಥಾನದಲ್ಲಿ ತಲೆ ಕಡಿಯಲು ನಿಂತಿದ್ದವನು ಪಳಗಿದ ಕೈಯವನಲ್ಲ; ದ ತೂಗೆ ಹಲವು ಏಟುಗಳು ಬಿದ್ದವು.

ಅಷ್ಟಕ್ಕೂ ಸಿಟ್ಟು ತಣಿಯದೆ, ಆನ್ರಿಯ ತಾಯಿಯನ್ನು ತುರೇನ್ ಪ್ರಾಂತಕ್ಕೆ ಗಡೀಪಾರು ಮಾಡಿ, ಲ್ವಾರ್ ನದಿಯ ಬಳಿಯ ಅವರ ಕೋಟೆಯನ್ನು ಕೆಡವಿಸಿದರು. ಮಗ ಮಾಡಿದ್ದಕ್ಕೆ ಹೆತ್ತವಳನ್ನು ದಂಡಿಸಿದ ರಿಶಲ್ಯೂ, ಆ ಮಗನನ್ನು ಆಸ್ಥಾನಕ್ಕೆ ತಂದು ನಿಲ್ಲಿಸಿದ ತನ್ನ ಪಾಲಿನ ಹೊಣೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ತಿಂಗಳೊಳಗೆ ಅವನೂ ತೀರಿಕೊಂಡ.

ಕಾನೂನು ಓದುತ್ತಿರುವವಳು ನೀನು. ದ ತೂಗೆ ವಿಧಿಸಿದ ಶಿಕ್ಷೆ ಅಂದಿನ ಶಾಸನದ ಪ್ರಕಾರವಾದರೂ ನ್ಯಾಯವೆನಿಸುತ್ತದೆಯೇ ಎಂಬುದನ್ನು ಬಿಡುವಾದಾಗ ವಿವರವಾಗಿ ಬರೆ.

ನಿನ್ನ ಅಪ್ಪ