ಕಾರಿನಲ್ಲೇ ಉಳಿದ ರಿವಾಲ್ವರ್

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಗುಂಡಿನ ದಾಳಿ ನಡೆದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಒಂದು ಮಾತು ಬಂದೇ ಬರುತ್ತದೆ: ಅಲ್ಲಿಯವರಿಗೆ ಬಂದೂಕಿನ ಹುಚ್ಚು. ಹಾಗೆ ಬರೆಯುವ ಮುಂಚೆ ಟೆಕ್ಸಾಸ್‌ನ ಮಾಜಿ ಶಾಸಕಿ ಸುಝಾನಾ ಹಪ್ ಅವರ ಬದುಕನ್ನು ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ.

1991ರ ಅಕ್ಟೋಬರ್ 16. ಕಿಲೀನ್ ಊರಿನ ಲೂಬೀಸ್ ಕೆಫೆಟೇರಿಯಾದಲ್ಲಿ ಸುಝಾನಾ ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತಿದ್ದರು. ಒಬ್ಬ ಪಿಕಪ್ ಟ್ರಕ್ಕನ್ನು ಗಾಜು ಒಡೆದುಕೊಂಡು ಒಳಗೇ ನುಗ್ಗಿಸಿದ. ಇಳಿದವನೇ ಗುಂಡು ಹಾರಿಸತೊಡಗಿದ. ಸುಝಾನಾ ಮೇಜಿನ ಮರೆಯಿಂದಲೇ ತಮ್ಮ ಬ್ಯಾಗಿಗೆ ಕೈ ಹಾಕಿದರು. ಆಗ ನೆನಪಾಯಿತು, ರಿವಾಲ್ವರ್ ಹೊರಗೆ ಕಾರಿನಲ್ಲಿದೆ. ಆಗಿನ ಕಾನೂನಿನಂತೆ ಅದನ್ನು ಬಚ್ಚಿಟ್ಟು ಒಯ್ಯುವುದು ಅಪರಾಧ. ಅವರು ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆ, ಕೀಲುಗಳ ನೋವಿಗೆ ಕೈಯಿಂದಲೇ ಚಿಕಿತ್ಸೆ ಕೊಡುವವರು. ಸಿಕ್ಕಿಬಿದ್ದರೆ ವೃತ್ತಿಯ ಲೈಸೆನ್ಸೇ ಹೋಗುತ್ತದೆಂಬ ಭಯಕ್ಕೆ ಕಾರಿನಲ್ಲೇ ಬಿಟ್ಟು ಬಂದಿದ್ದರು.

71 ವರ್ಷದ ಅಪ್ಪ ಬರಿಗೈಲಿ ಕೊಲೆಗಾರನ ಮೇಲೆ ಮುನ್ನುಗ್ಗಿ ಗುಂಡು ತಿಂದರು. ಯಾರೋ ಒಬ್ಬರು ಕಿಟಕಿ ಒಡೆದರು. ಸುಝಾನಾ ಅದರಿಂದ ಹೊರಗೆ ಹಾರಿದರು. ಅಮ್ಮ ಹಿಂದೆಯೇ ಬರುತ್ತಿದ್ದಾರೆ ಅಂದುಕೊಂಡಿದ್ದರು. ಅಮ್ಮ ಬರಲಿಲ್ಲ. ಗಂಡನ ಹತ್ತಿರ ತೆವಳಿಕೊಂಡು ಹೋಗಿ, ಅವರ ತಲೆಯನ್ನು ಹಿಡಿದು ಕೂತಿದ್ದರು. ಕೊಲೆಗಾರ ಎದುರಿಗೆ ಬಂದಾಗ ಒಮ್ಮೆ ಅವನನ್ನು ನೋಡಿ ತಲೆ ತಗ್ಗಿಸಿದರಂತೆ. ಅಂದು ಸತ್ತವರು 23 ಜನ.

ಸುಝಾನಾ ಅವರ ಸಿಟ್ಟು ಕೊಲೆಗಾರನ ಮೇಲಿಗಿಂತ ಜಾಸ್ತಿ ಇದ್ದದ್ದು, ಬಂದೂಕು ಒಯ್ಯದಂತೆ ಕಾನೂನು ಮಾಡಿದ ಶಾಸಕರ ಮೇಲೆ. ಅಪ್ಪ ಅಮ್ಮ ಉಳಿಯುವುದಾದರೆ ಕಾನೂನು ಮುರಿದು ಜೈಲಿನಲ್ಲಿ ಕೂರಲೂ ಸಿದ್ಧವಿದ್ದೆ ಎಂದು ಅವರು ಶಾಸನಸಭೆಯ ಸಮಿತಿಗಳ ಮುಂದೆ ಹೇಳಿದರು. ಒಂದೇ ರಾಜ್ಯದಲ್ಲಲ್ಲ, ಊರೂರು ಸುತ್ತಿ ಹೇಳಿದರು. 1995ರಲ್ಲಿ ಟೆಕ್ಸಾಸ್ ಕಾನೂನು ಬದಲಾಯಿತು. ಆಗ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯೂ. ಬುಷ್ ಸಹಿ ಹಾಕಿದರು. ತರಬೇತಿ ಪಡೆದು ಲೈಸೆನ್ಸ್ ತೆಗೆದುಕೊಂಡವರು ಬಂದೂಕು ಜೊತೆಗೆ ಒಯ್ಯಬಹುದಾಯಿತು. 1996ರಲ್ಲಿ ಸುಝಾನಾ ರಿಪಬ್ಲಿಕನ್ ಪಕ್ಷದಿಂದ ಗೆದ್ದು, ಹತ್ತು ವರ್ಷ ಶಾಸಕಿಯಾಗಿದ್ದರು.

ನಾನು ಕೊಡಗಿನವನು. ನಮ್ಮ ಮನೆಯಲ್ಲೂ ಕೋವಿ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಅದರ ನಳಿಗೆಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿಯೂ ಇದೆ. ಕೋವಿ ಇರುವವರನ್ನೆಲ್ಲ ಹುಚ್ಚರು ಅಂದರೆ ನಮಗೆ ನೋವಾಗುತ್ತದೆ, ಅಲ್ವಾ?

ಸುಝಾನಾ ಅವರ ಎಲ್ಲ ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಶಾಲೆಯಲ್ಲಿ ಮೇಷ್ಟ್ರುಗಳಿಗೂ ಬಂದೂಕು ಇಟ್ಟುಕೊಳ್ಳಲು ಬಿಡಬೇಕು ಎಂಬುದನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ಬಂದೂಕು ಮನೆಯಲ್ಲಿದ್ದರೆ ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡುವುದೇ ಎಷ್ಟು ಕಷ್ಟ ಅಂತ ನಮಗೆ ಗೊತ್ತು. ಇನ್ನು 2021ರಲ್ಲಿ ಟೆಕ್ಸಾಸ್ ಸರ್ಕಾರ 21 ವರ್ಷ ತುಂಬಿದ ಹೆಚ್ಚಿನವರಿಗೆ ಬಂದೂಕು ಒಯ್ಯಲು ಲೈಸೆನ್ಸೂ ಬೇಡ ಅಂದದ್ದು ನನ್ನ ಮಟ್ಟಿಗೆ ದೊಡ್ಡ ತಪ್ಪು. 1995ರ ಕಾನೂನಿನಲ್ಲಿ ತರಬೇತಿಯಾದರೂ ಕಡ್ಡಾಯವಾಗಿತ್ತು.

ಆದರೆ ಆ ಹೆಣ್ಣುಮಗಳು ಸುಮ್ನೆ ಹಟಕ್ಕೆ ಮಾತಾಡಿದವರಲ್ಲ. ಮುಂದಿನ ಸಲ ಈ ವಿಷಯ ಬರೆಯುವಾಗ ಅವರ ಮಾತಿಗೂ ನಾಲ್ಕು ಸಾಲು ಜಾಗ ಕೊಡಿ.

ಇಂತಿ,
ನಿಮ್ಮ ಓದುಗ
ವಿರಾಜಪೇಟೆ