ನೀರು ಹೋಯ್ತೆಂದು ಹೆದರಬೇಡ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ದಿನ ತುಂಬುವ ಮೊದಲೇ ಗರ್ಭದ ನೀರು ಒಡೆದು ನೀನು ಅಡ್ಮಿಟ್ ಆಗಿದ್ದು, ಖರ್ಚು, ರಜೆ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ನಿನ್ನ ಕಾಗದದ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿದೆ. "ನೀರೆಲ್ಲ ಹೋಗ್ಬಿಟ್ರೆ ಮಗು ಒಳಗೇ ಒಣಗಿಹೋಗುತ್ತಾ?"

ಇಲ್ಲ ಕಣೇ. ಈ ತಿಂಗಳಲ್ಲಿ ಆ ನೀರಿನ ಬಹುಪಾಲು ಮಗುವಿನ ಮೂತ್ರವೇ. ಕುಡಿಯುತ್ತೆ, ಮತ್ತೆ ಹೊಯ್ಯುತ್ತೆ. ಸೋರುತ್ತಿದ್ದರೂ ಸೆಲೆ ಒಸರುತ್ತಲೇ ಇರುತ್ತೆ. ಉಸಿರು, ಆಹಾರ ಎರಡೂ ಬರುವುದು ಹೊಕ್ಕುಳಬಳ್ಳಿಯಿಂದ. ನೀರು ತೀರಾ ಕಡಿಮೆಯಾದರೆ ಬಳ್ಳಿ ಒತ್ತಿಹೋಗಬಹುದು, ಅದು ನಿಜ. ಮತ್ತೆ ಮತ್ತೆ ಎದೆಬಡಿತ ನೋಡುವುದು ಅದಕ್ಕೇ. 20 ವಾರಕ್ಕೇ ಹೀಗಾಗಿದ್ದರೆ ಶ್ವಾಸಕೋಶ ಬೆಳೆಯುವುದೇ ಕಷ್ಟವಾಗುತ್ತಿತ್ತು. ನೀನು 30 ವಾರ ದಾಟಿದ್ದೀಯ.

ನಮ್ಮಕ್ಕನೂ ಇದನ್ನೇ ಕೇಳಿದ್ದಳು. ಚಾಮರಾಜಪೇಟೆಯ ವಠಾರದಲ್ಲಿದ್ದೆವು. ನಾನಿನ್ನೂ ಸ್ಕೂಲಿನ ಹುಡುಗಿ. ಬೆಳಗಾದರೆ ಅವಳ ಲಂಗಗಳು ಒದ್ದೆ. "ಬಸುರಿಗೆ ಮೂತ್ರ ಸೋರೋದು ಇದ್ದದ್ದೇ" ಅಂದರು ಹಿರಿಯರು. ಆಮೇಲೆ ಚಳಿಜ್ವರ ಬಂತು, ಮಗು ಉಳಿಯಲಿಲ್ಲ. ಈಗ ಇದನ್ನು ನಿನಗೆ ಬರೆಯಬೇಕಿತ್ತೋ ಇಲ್ಲವೋ. ಆದರೆ ಆ ಮಗುವನ್ನು ಕೊಂದದ್ದು ನೀರು ಹೋದದ್ದಲ್ಲ, ನಂಜು, ಅಂದರೆ ಒಳಗೆ ಹತ್ತಿದ ಸೋಂಕು. ಅವಳ ಪ್ರಶ್ನೆಗೆ ಆ ಮನೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ ಅನ್ನುವುದು ಈಗಲೂ ನನ್ನ ಎದೆ ಕೊರೆಯುತ್ತೆ. ಎಷ್ಟೋ ವರ್ಷ ಲೇಬರ್ ವಾರ್ಡಿನಲ್ಲಿ ನರ್ಸಾಗಿ ದುಡಿದರೂ ಆ ಒದ್ದೆ ಲಂಗಗಳು ಕಣ್ಣಿಂದ ಹೋಗಿಲ್ಲ.

ನಿನಗೆ ಆ ನಂಜು ತಡೆಯಲೆಂದೇ ಆಂಟಿಬಯೋಟಿಕ್ ಕೊಡುತ್ತಿರುವುದು. ಡಾಕ್ಟರು ಒಳಗೆ ಕೈ ಹಾಕಿ ನೋಡಲಿಲ್ಲ ಎಂದು ಬೇಜಾರು ಮಾಡಿಕೊಂಡಿದ್ದೀಯ. ಅದು ನಿರ್ಲಕ್ಷ್ಯವಲ್ಲ ಪುಟ್ಟಿ, ಹಾಗೆ ನೋಡಿದಷ್ಟೂ ನಂಜು ಒಳಗೇರುತ್ತೆ. ಹನ್ನೆರಡು ಗಂಟೆಗೊಮ್ಮೆಯಂತೆ ಚುಚ್ಚಿದ ಆ 4 ಡೆಕ್ಸಾಮೆಥಾಸೋನ್ ಇಂಜೆಕ್ಷನ್ ಮಗುವಿನ ಶ್ವಾಸಕೋಶ ಬಲಿಯಲು. ಹೆರಿಗೆ ಹತ್ತಿರ ಬಂದರೆ ಮಗುವಿನ ಮಿದುಳಿನ ರಕ್ಷಣೆಗೆ ಮೆಗ್ನೀಸಿಯಂ ಹಾಕಬಹುದು. ಆಗ ನಿನ್ನ ಮೈಯೆಲ್ಲ ಬಿಸಿಯೇರಿದಂತಾಗುತ್ತೆ, ಗಾಬರಿಯಾಗಬೇಡ.

34 ವಾರದವರೆಗಾದರೂ ತಳ್ಳೋಣ ಅನ್ನುವುದು ಅವರ ಲೆಕ್ಕ. ಸುಳ್ಳು ಧೈರ್ಯ ಹೇಳಲಾರೆ, ಹೀಗೆ ನೀರು ಒಡೆದವರಲ್ಲಿ ಅರ್ಧದಷ್ಟು ಜನಕ್ಕೆ ವಾರದೊಳಗೇ ಹೆರಿಗೆಯಾಗುತ್ತೆ. ಆದರೂ ಮಗು ಒಣಗಿತೆಂದು ಹೆರಿಗೆ ಮಾಡಿಸುವುದಿಲ್ಲ. ನಂಜು ಕಂಡರೆ, ಬಡಿತ ಕೆಟ್ಟರೆ, ಇಲ್ಲ ನೋವು ತಾನಾಗಿ ಬಂದರೆ, ಇಂಥ ಕಾರಣಗಳಿಗೆ.

ನಾನು ಹೇಳುವುದು ಇಷ್ಟೇ, ಇದೂ ನಿನಗೆ ಗೊತ್ತಿರಬಹುದು. ಪ್ಯಾಡ್ ಬದಲಿಸುವಾಗ ಬಣ್ಣ, ವಾಸನೆ ಗಮನಿಸು. ಹಸಿರಾಗಲಿ ಕೆಟ್ಟ ವಾಸನೆಯಾಗಲಿ ಬಂದರೆ, ಚಳಿ ಹುಟ್ಟಿದರೆ, ಮಗು ಮಿಸುಕಾಡುವುದು ಕಡಿಮೆಯಾದರೆ ಮಧ್ಯರಾತ್ರಿಯಾದರೂ ಸಿಸ್ಟರನ್ನು ಎಬ್ಬಿಸು. ಸಂಕೋಚ ಬೇಡ, ನಾವು ಆ ಕೆಲಸಕ್ಕೇ ಇರುವವರು. ನೀರು ಚೆನ್ನಾಗಿ ಕುಡಿ. ಅದರಿಂದ ಮಗುವಿನ ಸುತ್ತಲಿನ ನೀರಿನ ಚೀಲ ತುಂಬಿಬಿಡುತ್ತೆ ಅಂತಲ್ಲ, ನಿನ್ನ ಮೈಗೆ ಬೇಕು ಅಂತ.

ನಾಳೆ ರೌಂಡ್ಸಿನಲ್ಲಿ ನನಗೆ ಕೇಳಿದ್ದನ್ನೇ ಡಾಕ್ಟರಿಗೂ ಕೇಳು. ಸ್ಕ್ಯಾನಿನಲ್ಲಿ ನೀರು ಎಷ್ಟಿದೆ ಎಂದು ಬಾಯಿಬಿಟ್ಟು ಕೇಳಿ, ನನಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ