ಭಾನುವಾರ ಫಿಯಟ್ ನೋಡೋಕೆ ಬರೋರ ಗಮನಕ್ಕೆ

ಎಲ್ರಿಗೂ ನಮಸ್ಕಾರ 🙏 ಮಾರಾಟಕ್ಕಿರೋ 1968ರ ಫಿಯಟ್ 1100 ಡಿ ಗಾಡೀನ ಈ ಭಾನುವಾರ ಬೆಳಗ್ಗೆ 8ಕ್ಕೆ ಜಯನಗರದ ಗ್ಯಾರೇಜಲ್ಲಿ ನೋಡ್ತಿದೀವಿ, ತಗೊಳ್ಳೋರು ಮಾತ್ರ ಅಲ್ಲ, ರೇಟ್ ಕಟ್ಟೋಕೆ ಗೊತ್ತಿರೋರೂ ಬನ್ನಿ.

ಓನರ್ ರಿಸ್ಟೋರೇಶನ್ ಬಿಲ್ ಎಲ್ಲಾ ಫೈಲ್ ಮಾಡಿಟ್ಟಿದಾರೆ, ಆದ್ರೆ ಖರ್ಚು ಮಾಡಿದ್ದೆಲ್ಲಾ ಬೆಲೆ ಆಗಲ್ಲ ಕಣ್ರೀ, ಅಂಥದೇ ಗಾಡಿ ನಿಜವಾಗ್ಲೂ ಎಷ್ಟಕ್ಕೆ ಹೋಯ್ತು ಅನ್ನೋದೇ ಲೆಕ್ಕ. ಗೊತ್ತಿದ್ರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ, ಜಾಹೀರಾತಿನ ರೇಟ್ ಬೇಡ.

ಟಾರ್ಚು, ಒಂದು ಸಣ್ಣ ಮ್ಯಾಗ್ನೆಟ್ ತನ್ನಿ. ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಡೋರ್ ಕೆಳಗಡೆ, ಮಡ್‌ಗಾರ್ಡ್ ಅಂಚಲ್ಲಿ ಇಟ್ ನೋಡಿ, ಹಿಡೀಲಿಲ್ಲ ಅಂದ್ರೆ ಪೇಂಟ್ ಒಳಗೆ ಪುಟ್ಟಿ ದಪ್ಪಗೆ ಮೆತ್ತಿದಾರೆ ಅಂತ. ಮ್ಯಾಟ್ ಎತ್ತಿ ಫ್ಲೋರ್ ತುಕ್ಕು ನೋಡಿ, ಹೊಳಪಿಗೆ ಮರುಳಾಗ್ಬೇಡಿ. ಒರಿಜಿನಲ್ 1089 ಸಿಸಿ ಇಂಜಿನ್ನೇ ಇದೆಯಾ, ಸ್ಟೇರಿಂಗ್ ಪಕ್ಕದ ಗೇರ್ ಹಂಗೇ ಇದೆಯಾ, ಆರ್‌ಸಿಗೂ ಚಾಸಿ ನಂಬರ್‌ಗೂ ತಾಳೆ ಆಗುತ್ತಾ, ಇದು ಮುಖ್ಯ. ಯಾಕಂದ್ರೆ 2021ರ ನಿಯಮದ ಪ್ರಕಾರ 50 ವರ್ಷ ದಾಟಿದ್ ಗಾಡಿಗೆ ವಿಂಟೇಜ್ (ಹಳೇ ಕಾಲದ ಗಾಡಿ ಅಂತ) ನೋಂದಣಿ ಸಿಗುತ್ತೆ, ಬಾಡಿ ಚಾಸಿ ಇಂಜಿನ್ ತುಂಬಾ ಬದಲಾಯ್ಸಿದ್ರೆ ಸಿಗಲ್ಲ, ಅಲ್ಲಿಗೆ ಬೆಲೆನೂ ಇಳೀತು. (ವಿಂಟೇಜ್ ಮಾಡ್ಸಿದ್ರೆ ದಿನಾ ಆಫೀಸಿಗೆ ಓಡ್ಸೋಂಗಿಲ್ಲ, ನೆನಪಿರ್ಲಿ.)

ಓನರ್ ಎದುರಿಗೆ ದಯವಿಟ್ಟು ರೇಟ್ ಮಾತಾಡ್ಬೇಡಿ. ಒಬ್ರು ಹೇಳಿದ್ರೆ ಮಿಕ್ಕೋರೆಲ್ಲಾ ಅದರ ಆಸುಪಾಸಲ್ಲೇ ಹೇಳ್ತಾರೆ, ಅದಕ್ಕೆ ನಿಮ್ ನಿಮ್ ಅಂದಾಜು ನನಗೆ ಪರ್ಸನಲ್ಲಾಗಿ ಕಳ್ಸಿ, ತೀರಾ ಹೆಚ್ಚು ತೀರಾ ಕಮ್ಮಿ ಇರೋದು ಬಿಟ್ಟು ಉಳಿದಿದ್ದನ್ನ ಸಂಜೆ ಹಾಕ್ತೀನಿ. ಬರೋರು ಕೆಳಗೆ ಹೆಸರು ಹಾಕಿ 👇